ಸುದ್ದಿ ಮೊದಲು ಯಾರಿಗೆ?

ಕೇಳುಗರೇ, ನಮಸ್ಕಾರ.

1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ ರೈಲೊಂದು ಸೇತುವೆ ಮೇಲಿಂದ ನೀರಿಗೆ ಬಿತ್ತು. 50ಕ್ಕೂ ಹೆಚ್ಚು ಜನ ಸತ್ತರು. ಆಗೆಲ್ಲ ಅಪಘಾತವಾದರೆ ರೈಲ್ವೆ ಕಂಪನಿಗಳು ಬಾಯಿ ಬಿಡುತ್ತಿರಲಿಲ್ಲ. ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ಸಲಹೆಗಾರ ಐವಿ ಲೀ ಬೇರೆ ದಾರಿ ಹಿಡಿದರು. ಏನಾಯಿತು ಅನ್ನುವುದನ್ನು ಕಂಪನಿಯ ಕಡೆಯಿಂದಲೇ ಬರೆದು ಪತ್ರಿಕೆಗಳಿಗೆ ಕೊಟ್ಟರು. ವರದಿಗಾರರನ್ನು ಆ ಜಾಗಕ್ಕೇ ಕರೆಸಿದರು. ಇವತ್ತಿನ ಪತ್ರಿಕಾ ಹೇಳಿಕೆಗೆ ಇದೇ ಮೊದಲ ಮಾದರಿ ಅಂತ ಬಹಳ ಜನ ಹೇಳುತ್ತಾರೆ.

ಹೇಳಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಲೀ ಅಂದೇ ಉತ್ತರ ಕೊಟ್ಟರು. ಆದರೆ ಯಾರಿಗೆ ಮೊದಲು ಹೇಳಬೇಕು? ಸಾರ್ವಜನಿಕ ಸಂಪರ್ಕ ವಿಭಾಗ ಅಂದರೆ ಸುಮ್ನೆ ಸಂಸ್ಥೆಯ ಮುಖಕ್ಕೆ ಬಣ್ಣ ಬಳಿಯುವ ಜಾಗ ಅಂದುಕೊಂಡವರಿದ್ದಾರೆ. ಅಲ್ಲೇ ಕೂತವರೂ ಕೆಲವರು ಹಾಗೇ ಅಂದುಕೊಂಡಿರುತ್ತಾರೆ. ನನಗಂತೂ ಅಲ್ಲಿನ ನಿಜವಾದ ಕಷ್ಟ ಈ ಪ್ರಶ್ನೆಯಲ್ಲೇ ಇದೆ ಅನ್ನಿಸುತ್ತದೆ.

ಒಂದು ಕಾರ್ಖಾನೆ ಮುಚ್ಚುತ್ತದೆ ಅಂತಿಟ್ಟುಕೊಳ್ಳಿ. ಷೇರುದಾರರಿಗೆ ಖರ್ಚು ಎಷ್ಟು ಉಳಿಯುತ್ತದೆ ಅಂತ ಗೊತ್ತಾಗಬೇಕು. ಕಾರ್ಮಿಕರಿಗೆ ಮುಂದಿನ ತಿಂಗಳ ಸಂಬಳದ ಚಿಂತೆ. ಸರಕು ಕೊಟ್ಟವರಿಗೆ ಹಳೇ ಬಾಕಿಯ ಚಿಂತೆ. ಗ್ರಾಹಕರಿಗೆ ಬಿಡಿಭಾಗ ಸಿಕ್ಕರೆ ಸಾಕು. ಕೇಳುವ ಪ್ರಶ್ನೆ ಬೇರೆಯಾದ ಮೇಲೆ ಉತ್ತರವೂ ಬೇರೆ ಕಡೆಯಿಂದ ಶುರುವಾಗಬೇಕು. ಸಂಗತಿ ಮಾತ್ರ ಬದಲಾಗಬಾರದು. ಹೂಡಿಕೆದಾರರಿಗೆ 'ಕಾಯಂ ಮುಚ್ಚುತ್ತೇವೆ' ಅಂದು, ಕಾರ್ಮಿಕರಿಗೆ 'ಸದ್ಯಕ್ಕೆ ಮಾತ್ರ' ಅಂದರೆ, ಸಂಜೆಯೊಳಗೆ ಎರಡೂ ಮಾತು ಒಂದೇ ಮೊಬೈಲ್‌ನಲ್ಲಿ ಸಿಗುತ್ತವೆ. ಷೇರುದಾರನ ತಮ್ಮನೇ ಅಲ್ಲಿ ಕೆಲಸಕ್ಕಿರಬಹುದು, ಅಲ್ವಾ?

ಹೆಚ್ಚು ಪೆಟ್ಟು ಬೀಳುವವರಿಗೆ ಮೊದಲು ಹೇಳಿ ಅನ್ನುವುದು ನನ್ನ ಪಕ್ಷ. ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಇಲ್ಲೊಂದು ತೊಡಕಿದೆ. ಷೇರಿನ ಬೆಲೆ ಅಲುಗಾಡಿಸುವ ಸುದ್ದಿಯನ್ನು ಕೆಲವರಿಗಷ್ಟೇ ಮುಂಚೆ ಹೇಳುವಂತಿಲ್ಲ. ಬಹಳ ದೇಶಗಳಲ್ಲಿ ಕಾನೂನು ಹಾಗಿದೆ. ಇರಲಿ. ಪ್ರಕಟಣೆ ಹೊರಬಿದ್ದ ಗಳಿಗೆಯಲ್ಲೇ ಒಬ್ಬ ಅಧಿಕಾರಿ ಕಾರ್ಮಿಕರ ಎದುರು ನಿಂತು ಮಾತಾಡಬಹುದಲ್ಲ! ಅವರು ಅದನ್ನು ಟಿವಿಯಲ್ಲಿ ನೋಡಿ ತಿಳಿಯಬೇಕಾಗಿಲ್ಲ.

ಇನ್ನು, ಎದುರಿಗೆ ನಿಂತವರಷ್ಟೇ ಕೇಳುತ್ತಾರೆ ಅಂದುಕೊಳ್ಳುವುದೂ ಅಪಾಯ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಬಿಪಿ ಕಂಪನಿಯ ತೈಲಬಾವಿ ಸಿಡಿದು 11 ಕೆಲಸಗಾರರು ಸತ್ತರು. ಮುಖ್ಯಸ್ಥ ಟೋನಿ ಹೇವರ್ಡ್ ವರದಿಗಾರರ ಮುಂದೆ, ನನ್ನ ಬದುಕು ನನಗೆ ವಾಪಸ್ ಬೇಕು ಅಂದುಬಿಟ್ಟರು. ಆ ಮಾತು ಸತ್ತವರ ಮನೆಗಳಿಗೂ ಹೋಯಿತು. ಅದಕ್ಕಿಂತ ತುಸು ಮುಂಚೆ, ಅದೇ ಉಸಿರಿನಲ್ಲಿ, ಅವರು ಕ್ಷಮೆಯನ್ನೂ ಕೇಳಿದ್ದರು. ಅದು ಯಾರ ಮನಸ್ಸಿನಲ್ಲೂ ಉಳಿಯಲಿಲ್ಲ. ಆ ಅಕ್ಟೋಬರ್ ಹೊತ್ತಿಗೆ ಅವರ ಕುರ್ಚಿಯಲ್ಲಿ ಬೇರೆಯವರಿದ್ದರು.