ಫೋರ್ ಬೈ ಫೋರ್ ಲೈಟ್ ಉರೀತಿದೆ, ಆದ್ರೆ ಮುಂದಿನ ಚಕ್ರ ಎಳೀತಿದ್ಯಾ?

[ದೃಶ್ಯ: ಮಂಡ್ಯ ಹತ್ರ ನಾಲೆ ಏರಿ. ಕೆಸರು ಮೆತ್ತಿದ ಪಿಕಪ್.]

ನಮಸ್ಕಾರ. ಮದ್ದೂರಿನ ವೀಕ್ಷಕರೊಬ್ಬರು ಕೆಎ-12 ನಂಬರಿನ ಪಿಕಪ್ ನೋಡಿದ್ದಾರಂತೆ. ಲಿವರ್ ಹಾಕಿದ್ರೆ ಡ್ಯಾಶಲ್ಲಿ ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಚಕ್ರ ಎಳೀತಿದೆ ಅನ್ನೋ ಲೈಟ್ ಉರಿಯುತ್ತೆ, ತಗೋಬಹುದಾ ಅಂತ ಕೇಳಿದ್ದಾರೆ.

ಕೆಎ-12 ಅಂದ್ರೆ ಕೊಡಗು. ಎಸ್ಟೇಟಲ್ಲಿ ದುಡಿದಿರೋ ಗಾಡಿ ಇರಬಹುದು. ಮಾರೋರು ಮಾತ್ರ "ಡಾಕ್ಟರ್ ಓಡಿಸಿದ್ದು, ಮಣ್ಣೇ ಮುಟ್ಟಿಲ್ಲ" ಅಂತಾರೆ. ಎಸ್ಟೇಟ್ ಗಾಡಿ ಓಡಿಸೋ ಡಾಕ್ಟರುಗಳು ಎಷ್ಟು ಜನ ಇದ್ದಾರಪ್ಪಾ!

ಎಂಜಿನ್, ಕ್ಲಚ್, ಆರ್‌ಸಿ, ಇನ್ಶೂರೆನ್ಸ್ ನೋಡೋದು ನಿಮಗೆ ಹೇಳಿಕೊಡಬೇಕಾಗಿಲ್ಲ. ಸೀದಾ ಲೈಟಿಗೆ ಬರೋಣ.

ಹಲವು ಗಾಡಿಗಳಲ್ಲಿ ಆ ಲೈಟಿನ ಸ್ವಿಚ್ ಇರೋದು ಟ್ರಾನ್ಸ್‌ಫರ್ ಕೇಸಲ್ಲಿ, ಅಂದ್ರೆ ಎಂಜಿನ್ ಪವರನ್ನ ಹಿಂದಕ್ಕೂ ಮುಂದಕ್ಕೂ ಹಂಚೋ ಗೇರ್ ಪೆಟ್ಟಿಗೆಯಲ್ಲಿ. ಒಳಗೆ ಗೇರ್ ಬಿತ್ತು ಅಂತ ಅದು ಹೇಳುತ್ತೆ, ಅಷ್ಟೇ. ಅಲ್ಲಿಂದ ಮುಂದಿನ ಆಕ್ಸಲ್‌ವರೆಗೆ ಪವರ್ ಹೋಯ್ತಾ ಅನ್ನೋದು ಅದಕ್ಕೆ ಗೊತ್ತಿಲ್ಲ. ಮುಂದಿನ ಆಕ್ಸಲಿಗೆ ಪವರ್ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್ ಗಡಗಡ ಅಂತ ಸದ್ದು ಮಾಡ್ತಿದ್ರೆ ರಿಪೇರಿ ಯಾಕೆ ಅಂತ ಬಿಚ್ಚಿ ಶೆಡ್ಡಿಗೆ ಎಸೆದಿರೋರೂ ಇದ್ದಾರೆ. ಆಗಲೂ ಲೈಟ್ ಉರಿಯುತ್ತೆ! ಫೋರ್ ಲೋ (ನಿಧಾನಕ್ಕೆ, ಜಾಸ್ತಿ ಬಲದಿಂದ ಎಳೆಯೋ ಗೇರ್) ಕೂಡ ಬೀಳುತ್ತೆ, ಗಾಡಿ ಆಮೆ ಥರ ಸಾಗುತ್ತೆ. ಎಳೀತಿರೋದು ಮಾತ್ರ ಹಿಂದಿನ ಎರಡೇ ಚಕ್ರ. ಅದಕ್ಕೇ ಮೊದಲು ಬಗ್ಗಿ ಕೆಳಗೆ ನೋಡಿ: ಶಾಫ್ಟ್ ಎರಡಿರಬೇಕು, ಒಂದು ಹಿಂದಕ್ಕೆ, ಒಂದು ಮುಂದಕ್ಕೆ.

ಶಾಫ್ಟ್ ಇದೆ. ಕೆಲಸ ಮಾಡುತ್ತಾ? ನನಗೆ ತುಂಬ ಇಷ್ಟವಾದ ಪರೀಕ್ಷೆ ಇಲ್ಲಿದೆ.

[ಗ್ರಾಫಿಕ್ಸ್: ಮೇಲಿಂದ ಕಾಣೋ ಗಾಡಿ, ಎರಡು ವೃತ್ತ]

ಕಣದಲ್ಲಿ ಮೇಟಿಗೆ ಎತ್ತು ಕಟ್ಟಿ ತುಳಿಸೋದು ನೋಡಿದ್ದೀರಲ್ಲ? ಮೇಟಿ ಪಕ್ಕದ ಎತ್ತು ನಿಂತಲ್ಲೇ ತಿರುಗುತ್ತೆ, ಕೊನೇದು ಓಡಿ ಓಡಿ ಸುಸ್ತಾಗುತ್ತೆ. ಗಾಡಿ ತಿರುಗುವಾಗ ಆ ಕೊನೇ ಎತ್ತು ಮುಂದಿನ ಆಕ್ಸಲ್. ವೀಲ್‌ಬೇಸ್, ಅಂದ್ರೆ ಎರಡು ಆಕ್ಸಲ್ ನಡುವಿನ ದೂರ, 3 ಮೀಟರ್ ಇಟ್ಕೊಳ್ಳಿ. ಹಿಂದಿನ ಆಕ್ಸಲ್ ಮಧ್ಯ 5 ಮೀಟರ್ ತ್ರಿಜ್ಯದಲ್ಲಿ ಸುತ್ತಿದ್ರೆ ಮುಂದಿನದು 5.8 ಮೀಟರಲ್ಲಿ ಸುತ್ತುತ್ತೆ. ಹೈಸ್ಕೂಲ್ ಪೈಥಾಗೊರಸ್. ಪೂರ್ತಿ ಒಂದು ರೌಂಡಿಗೆ ಸುಮಾರು 5 ಮೀಟರ್ ವ್ಯತ್ಯಾಸ, ಅಂದ್ರೆ ಮುಂದಿನ ಚಕ್ರಗಳು ಹೆಚ್ಚುಕಮ್ಮಿ ಎರಡು ಸುತ್ತು ಜಾಸ್ತಿ ಉರುಳಬೇಕು.

ಥಾರ್, ವಿ-ಕ್ರಾಸ್ ಥರದ ಪಾರ್ಟ್‌ಟೈಮ್ (ಬೇಕಾದಾಗ ಮಾತ್ರ ಫೋರ್ ಬೈ ಫೋರ್ ಹಾಕೋ) ಗಾಡಿಗಳಲ್ಲಿ ಸೆಂಟರ್ ಡಿಫರೆನ್ಷಿಯಲ್, ಅಂದ್ರೆ ಹಿಂದಿನ, ಮುಂದಿನ ಶಾಫ್ಟ್ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್ ಜೋಡಣೆ, ಇಲ್ಲ. ಫೋರ್ ಹೈ (ಮಾಮೂಲಿ ವೇಗದ ಫೋರ್ ಬೈ ಫೋರ್) ಹಾಕಿದ್ರೆ ಹಿಂದಿನ, ಮುಂದಿನ ಶಾಫ್ಟ್ ಎರಡೂ ಒಂದೇ ವೇಗದಲ್ಲೇ ತಿರುಗಬೇಕು. ಆ ಎರಡು ಸುತ್ತು ಎಲ್ಲಿಂದ ತರೋದು? ಟೈರ್ ಜಾರಬೇಕು, ಇಲ್ಲ ಶಾಫ್ಟು ಗೇರುಗಳು ಬಿಗಿದುಕೊಳ್ಳಬೇಕು.

ಹಾಗಾಗಿ ಜಲ್ಲಿ ರಸ್ತೆಗೋ ಖಾಲಿ ಗದ್ದೆ ಬದಿಗೋ ಗಾಡಿ ಒಯ್ಯಿರಿ. ಮೊದಲು ಟೂ ಹೈನಲ್ಲಿ (ಹಿಂದಿನ ಎರಡೇ ಚಕ್ರ ಎಳೆಯೋ ಸ್ಥಿತಿ) ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ರೌಂಡ್. ಆಮೇಲೆ ಫೋರ್ ಹೈನಲ್ಲಿ ಇನ್ನೊಂದು. ಯಾರೋ ಬ್ರೇಕ್ ಹಿಡಿದ ಹಾಗೆ ಬಿಗಿಯಾಗಿ, ಮುಂದಿನ ಟೈರು ಜಲ್ಲಿ ಕೆರೆಯುತ್ತಾ ಹೋದ್ರೆ ಖುಷಿಪಡಿ, ಮುಂದೆ ಪವರ್ ಬರ್ತಿದೆ. ಬೆಣ್ಣೆ ಥರ ತಿರುಗಿದ್ರೆ ಅನುಮಾನ ಪಡಿ. ಎಕ್ಸ್‌ಪ್ರೆಸ್‌ವೇ ಸರ್ವಿಸ್ ರಸ್ತೆಯ ಒಣ ಟಾರ್ ಮೇಲೆ ಮಾತ್ರ ಮಾಡಬೇಡಿ, ಟ್ರಾನ್ಸ್‌ಫರ್ ಕೇಸ್ ಇನ್ನೂ ನಿಮ್ಮದಲ್ಲ! ವಾಪಸ್ ಟೂ ಹೈಗೆ ಹಾಕಿದ್ಮೇಲೂ ಲೈಟ್ ಆರದಿದ್ರೆ ಗಾಬರಿ ಬೇಡ, ಒಂದೆರಡು ಮೀಟರ್ ರಿವರ್ಸ್ ಹೋಗಿ, ಬಿಗಿ ಬಿಡುತ್ತೆ.

ಟೈಮ್ ಮುಗೀತು ಅಂತ ಎಡಿಟರ್ ಕಣ್ಣು ಬಿಡ್ತಿದ್ದಾರೆ, ಉಳಿದದ್ದು ಬೇಗ. ನಾಲ್ಕೂ ಟೈರ್ ಒಂದೇ ಸೈಜು, ಹೆಚ್ಚುಕಮ್ಮಿ ಒಂದೇ ಸವೆತ ಇರಲಿ. ಶಾಫ್ಟ್ ಕೈಯಲ್ಲಿ ತಿರುಚಿ, ಅದರ ತುದಿಯ ಕೀಲು, ಅಂದ್ರೆ ಯೂನಿವರ್ಸಲ್ ಜಾಯಿಂಟ್, ಲಟಲಟ ಅನ್ನಬಾರದು. ಆಕ್ಸಲ್ ರಬ್ಬರ್ ಬೂಟ್ ಹರಿದಿದ್ರೆ ಒಳಗೆ ಮಣ್ಣು ಸೇರಿರುತ್ತೆ. ಡಿಫರೆನ್ಷಿಯಲ್ ಆಯಿಲ್ ಹಾಲಿನ ಬಣ್ಣಕ್ಕಿದ್ರೆ ನೀರು ಹೋಗಿದೆ: ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ, ಗಾಳಿ ಆಡೋ ಸಣ್ಣ ಕಿಂಡಿ, ಅಂದ್ರೆ ಬ್ರೀದರ್, ಕಟ್ಟಿಕೊಂಡಿದ್ರೆ ಸೀಲ್ ಮೂಲಕ ನೀರು ಹೀರಿಕೊಳ್ಳುತ್ತೆ. ಹೊಳೆ, ನಾಲೆ ದಾಟಿದ ಗಾಡಿಯಲ್ಲಿ ಇದನ್ನ ಬಿಡಲೇಬೇಡಿ. ಆ ಆಯಿಲಲ್ಲಿ ಲೋಹದ ಚೂರು ಸಿಕ್ಕಿದ್ರೆ ಚೌಕಾಸಿನೂ ಬೇಡ, ಎದ್ದು ಬನ್ನಿ. ಕೆಳಗೆಲ್ಲ ಹೊಸ ಕಪ್ಪು ಪೇಂಟ್ ಬಳಿದಿದ್ರೆ ಯಾಕೆ ಅಂತ ಕೇಳಿ.

ಮುಂದಿನ ಶಾಫ್ಟೇ ಇಲ್ಲದ ಗಾಡಿಗೆ ಟೂ ವೀಲ್ ಡ್ರೈವ್ ರೇಟ್ ಹೇಳಿ. ಬಿಚ್ಚಿಟ್ಟ ಶಾಫ್ಟ್ ಶೆಡ್ಡಲ್ಲಿದ್ಯಾ ಅಂತಲೂ ವಿಚಾರಿಸಿ, ಅದನ್ನೂ ಗಾಡಿ ಜೊತೆಗೇ ತುಂಬಿಸಿಕೊಂಡು ಬನ್ನಿ.