ಏಳು ತುಂಡುಗಳಲ್ಲಿ ವಿಸ್ತೀರ್ಣದ ಪಾಠ: ಪ್ರಾಥಮಿಕ ತರಗತಿಗೆ ಟ್ಯಾನ್‌ಗ್ರಾಮ್

[ಪರದೆಯಲ್ಲಿ: ಕಾಗದದ ಚೌಕವೊಂದು ನಿಧಾನವಾಗಿ 45 ಡಿಗ್ರಿ ತಿರುಗಿ ಮೂಲೆಯ ಮೇಲೆ ನಿಲ್ಲುತ್ತದೆ.]

ನಮಸ್ಕಾರ. ಚೌಕವನ್ನು ಹೀಗೆ ಮೂಲೆಯ ಮೇಲೆ ನಿಲ್ಲಿಸಿ ತೋರಿಸಿದರೆ, ಕೆಳಗಿನ ತರಗತಿಗಳ ಅನೇಕ ಮಕ್ಕಳು ಇದು ಚೌಕವಲ್ಲ, ವಜ್ರ ಎನ್ನುತ್ತಾರೆ. ತಕ್ಷಣ ತಿದ್ದುವ ಮೊದಲು, ಆ ಉತ್ತರ ಎಲ್ಲಿಂದ ಬಂತೆಂದು ಯೋಚಿಸೋಣ. ಪುಸ್ತಕದ ಚೌಕ ಸದಾ ಬುಡ ಊರಿ ಕುಳಿತಿರುವುದರಿಂದ, ಮಗು ಬಾಹು ಮತ್ತು ಕೋನಗಳನ್ನು ಗಮನಿಸದೆ ಆಕೃತಿಯ ಒಟ್ಟು ನೋಟಕ್ಕೇ ಹೆಸರನ್ನು ಅಂಟಿಸಿಕೊಂಡಿರುತ್ತದೆ. ನೆದರ್ಲೆಂಡ್ಸ್‌ನ ಶಿಕ್ಷಕ ದಂಪತಿ ಪಿಯರ್ ಮತ್ತು ಡೀನಾ ವ್ಯಾನ್ ಹೀಲೆ 1957ರಲ್ಲಿ ಮಂಡಿಸಿದ ವಿಚಾರದ ಪ್ರಕಾರ ಇದು ರೇಖಾಗಣಿತದ ಕಲಿಕೆಯಲ್ಲಿ ಮೊದಲ ಹಂತ. ಆಕೃತಿಯ ಗುಣಗಳನ್ನು ಗುರುತಿಸುವ ಮುಂದಿನ ಹಂತಕ್ಕೆ ಮಗು ಏರುವುದು ವಯಸ್ಸು ಕಳೆದಂತೆ ತಾನಾಗಿ ಅಲ್ಲ, ತಕ್ಕ ಬೋಧನೆ ಮತ್ತು ಚಟುವಟಿಕೆಗಳಿಂದ. ಟ್ಯಾನ್‌ಗ್ರಾಮ್ ನನಗೆ ಅಮೂಲ್ಯವೆನಿಸುವುದು ಇದೇ ಕಾರಣಕ್ಕೆ.

[ಪರದೆಯಲ್ಲಿ: ಕಾಗದ ಮಡಿಸುತ್ತಿರುವ ಕೈಗಳು.]

ಚೀನಾದಲ್ಲಿ ಹುಟ್ಟಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿಗೂ ಹಬ್ಬಿದ ಈ ಆಟದಲ್ಲಿ ಎರಡು ದೊಡ್ಡ, ಒಂದು ಮಧ್ಯಮ ಮತ್ತು ಎರಡು ಸಣ್ಣ ತ್ರಿಭುಜಗಳು, ಒಂದು ಚೌಕ ಹಾಗೂ ಒಂದು ಸಮಾಂತರ ಚತುರ್ಭುಜ ಇರುತ್ತವೆ. ಸಿದ್ಧ ಸೆಟ್ ಕೈಯಲ್ಲಿದ್ದರೂ ಮೊದಲ ಸೆಟ್ಟನ್ನು ಮಕ್ಕಳೇ ಕಾಗದದಿಂದ ಮಾಡಲಿ. ಚೌಕಾಕಾರದ ಹಾಳೆಯನ್ನು ಕರ್ಣದ ಗುಂಟ ಕತ್ತರಿಸಿ, ಸಿಕ್ಕ ತ್ರಿಭುಜಗಳಲ್ಲೊಂದನ್ನು ಮತ್ತೆ ಅರ್ಧ ಮಾಡಿದರೆ ದೊಡ್ಡ ತ್ರಿಭುಜಗಳೆರಡು ಸಿದ್ಧವಾಗುತ್ತವೆ. ಇನ್ನೊಂದರ ಲಂಬಕೋನದ ತುದಿಯನ್ನು ಉದ್ದ ಬಾಹುವಿನ ಮಧ್ಯಬಿಂದುವಿಗೆ ಮುಟ್ಟಿಸಿ, ಮಡಿಕೆಯ ಗುಂಟ ಕತ್ತರಿಸಿದರೆ ಮಧ್ಯಮ ತ್ರಿಭುಜ ಬೇರ್ಪಡುತ್ತದೆ. ಉಳಿದ ತ್ರಾಪಿಜ್ಯದಿಂದ ಮಿಕ್ಕ ನಾಲ್ಕೂ ಬರುತ್ತವೆ.

[ಪರದೆಯಲ್ಲಿ: ಎರಡು ಸಣ್ಣ ತ್ರಿಭುಜಗಳು ಮೂರು ಆಕೃತಿಗಳ ಮೇಲೆ ಒಂದಾದ ಮೇಲೊಂದರಂತೆ ಕೂರುತ್ತವೆ.]

ಈಗ ಎರಡು ಸಣ್ಣ ತ್ರಿಭುಜಗಳನ್ನು ಮೊದಲು ಚೌಕದ ಮೇಲೆ, ಆಮೇಲೆ ಮಧ್ಯಮ ತ್ರಿಭುಜದ ಮೇಲೆ, ಕೊನೆಗೆ ಸಮಾಂತರ ಚತುರ್ಭುಜದ ಮೇಲೆ ಹೊಂದಿಸಲು ಹೇಳಿ. ಮೂರನ್ನೂ ಅವು ಅಂಚಿನಿಂದ ಅಂಚಿಗೆ ಮುಚ್ಚುತ್ತವೆ. ನೋಟಕ್ಕೆ ಇಷ್ಟು ಬೇರೆಯಾದ ಮೂರು ಆಕೃತಿಗಳ ವಿಸ್ತೀರ್ಣ ಒಂದೇ ಎಂಬುದನ್ನು ಮಗು ಸೂತ್ರವಿಲ್ಲದೆ, ಸ್ಕೇಲಿಲ್ಲದೆ, ತನ್ನ ಕೈಯಾರೆ ಸಾಧಿಸಿರುತ್ತದೆ. ಉದ್ದವನ್ನು ಅಗಲದಿಂದ ಗುಣಿಸುವುದೇ ವಿಸ್ತೀರ್ಣವೆಂದು ಬಾಯಿಪಾಠ ಮಾಡಿಸುವ ಮೊದಲೇ ಈ ಅನುಭವ ಸಿಗಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಸಣ್ಣ ತ್ರಿಭುಜವನ್ನು 1 ಎಂದು ಎಣಿಸಿದರೆ ದೊಡ್ಡದು 4, ಇಡೀ ಹಾಳೆ 16. ಭಿನ್ನರಾಶಿಯ ಪಾಠಕ್ಕೂ ಇದೇ ಸೆಟ್ ಸಾಕು.

ಬಳಿಕ ಅವೇ ಮೂರು ಆಕೃತಿಗಳ ಅಂಚನ್ನು ದಾರದಿಂದ ಅಳೆಯಿಸಿ. 20 ಸೆಂಟಿಮೀಟರ್ ಬಾಹುವಿನ ಹಾಳೆಯಿಂದ ಮಾಡಿದ ಸೆಟ್ಟಿನಲ್ಲಿ ಚೌಕದ ಸುತ್ತಳತೆ ಸುಮಾರು 28.3 ಸೆಂಟಿಮೀಟರ್ ಇದ್ದರೆ, ಉಳಿದೆರಡರದು ಸುಮಾರು 34.1 ಸೆಂಟಿಮೀಟರ್. ವಿಸ್ತೀರ್ಣ ಸಮವಾದರೆ ಸುತ್ತಳತೆಯೂ ಸಮ ಎಂಬ, ಮೇಲಿನ ತರಗತಿಗಳವರೆಗೂ ಬೆನ್ನು ಬಿಡದ ತಪ್ಪು ತಿಳಿವಳಿಕೆ ಈ ದಾರದ ಮುಂದೆ ನಿಲ್ಲುವುದು ಕಷ್ಟ.

ಸಮಾಂತರ ಚತುರ್ಭುಜದ ಮುಂದೆ ಮಕ್ಕಳು ತಡವರಿಸುತ್ತಾರೆ, ಆಗ ಅವಸರಿಸಬೇಡಿ. ಉಳಿದ ಆರು ತುಂಡುಗಳನ್ನು ತಿರುಗಿಸಿದರೆ ಸಾಕಾಗುತ್ತದೆ, ಇದನ್ನು ಮಾತ್ರ ಕೆಲವೊಮ್ಮೆ ಮಗುಚಿ ಹಾಕಬೇಕು, ಏಕೆಂದರೆ ಇದರ ಕನ್ನಡಿ ಪ್ರತಿಬಿಂಬವು ಎಷ್ಟು ತಿರುಗಿಸಿದರೂ ಇದರೊಂದಿಗೆ ಹೊಂದುವುದಿಲ್ಲ.

[ಪರದೆಯಲ್ಲಿ: ಏಳು ತುಂಡುಗಳು ಚದುರಿ ಬಿದ್ದಿವೆ.]

ಮುಂದಿನ ತರಗತಿಗೆ ಒಂದು ಕೆಲಸ ಕೊಡಿ: ಎರಡು ತುಂಡುಗಳಿಂದ ಚೌಕ ಮಾಡಲಿ, ಆಮೇಲೆ ಮೂರು, ನಾಲ್ಕು, ಐದು, ಕೊನೆಗೆ ಏಳು ತುಂಡುಗಳಿಂದ. ಆರು ತುಂಡುಗಳಿಂದ ಚೌಕ ಮಾಡಲು ಸಾಧ್ಯವೇ ಇಲ್ಲ, ಆದರೆ ಅದನ್ನು ಮೊದಲೇ ಹೇಳಬೇಡಿ. ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ಆರನ್ನು ಏಕೆ ಬಿಟ್ಟಿರಿ ಎಂದು ಕೇಳುವವರೆಗೆ ಕಾಯಿರಿ.