ಮಗು ಚೆನ್ನಾಗಿದೆ, ಮತ್ಯಾಕೆ ಡಾಕ್ಟರ್ ಹತ್ತಿರ?

[ದೃಶ್ಯ: ಹುಳದ ಮನೆ. ಸ್ಟ್ಯಾಂಡಿನ ಮೇಲೆ ಹಿಪ್ಪುನೇರಳೆ ಸೊಪ್ಪು. ಹತ್ತು ಸೆಕೆಂಡ್ ಹುಳ ಮೇಯುವ ಸದ್ದು ಮಾತ್ರ.]

ಈ ಸದ್ದು ಕೇಳಿಸಿತಾ? ಹೊರಗೆ ಮಳೆ ಬರ್ತಿದೆ ಅಂದುಕೊಂಡಿರಬಹುದು. ಇದು ರೇಷ್ಮೆ ಹುಳ ಸೊಪ್ಪು ಮೇಯುವ ಸದ್ದು. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹುಳದ ಮನೆಯಲ್ಲಿ ನಿಂತಿದ್ದೇನೆ. ಈ ಮನೆಯ ಅಕ್ಕ ನಮ್ಮ ಚಾನೆಲ್ ನೋಡುತ್ತಾರೆ. ಹೋದ ತಿಂಗಳು ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು.

"ನನ್ನ ಮಗನಿಗೆ ಎರಡು ವರ್ಷ. ಚೆನ್ನಾಗಿ ತಿಂತಾನೆ, ಓಡಾಡ್ತಾನೆ. ಜ್ವರ ಇಲ್ಲ, ಕೆಮ್ಮಿಲ್ಲ. ಅಂಗನವಾಡಿ ಟೀಚರು ಡಾಕ್ಟರ್ ಟೀಮ್ ಬರುತ್ತೆ, ತಪಾಸಣೆಗೆ ಕರ್ಕೊಂಡು ಬಾರಮ್ಮ ಅಂತಾರೆ. ಕಾಯಿಲೆ ಇಲ್ಲದ ಮಗೂನ ಯಾಕೆ ತೋರಿಸಬೇಕು? ಒಂದು ಹೊತ್ತು ಹೋದರೆ ಇಲ್ಲಿ ಹುಳಕ್ಕೆ ಸೊಪ್ಪು ಹಾಕೋರು ಯಾರು?"

ನ್ಯಾಯವಾದ ಪ್ರಶ್ನೆ. ನಾಲ್ಕನೇ ಜ್ವರ ಎದ್ದ ಹುಳ ಒಂದು ಹೊತ್ತು ಸೊಪ್ಪು ತಪ್ಪಿದರೆ ಗೂಡಿನ ತೂಕದಲ್ಲಿ ಗೊತ್ತಾಗುತ್ತೆ. ಹುಳದ ಕೆಲಸ ಗೊತ್ತಿಲ್ಲದವರಿಗೆ ಹೇಳ್ತೀನಿ: ಹುಳ ನಾಲ್ಕು ಸಲ ಮೇಯೋದು ಬಿಟ್ಟು, ತಲೆ ಎತ್ತಿ ಸುಮ್ನೆ ಕೂತು, ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ.

ನಾನು ಅಕ್ಕನಿಗೆ ಒಂದೇ ಮಾತು ಕೇಳಿದೆ. ಹುಳದ ಮೊಟ್ಟೆ ತರುವಾಗ ಯಾವುದು ತರ್ತೀರಿ? ತಕ್ಷಣ ಉತ್ತರ ಬಂತು, "ಪರೀಕ್ಷೆ ಮಾಡಿದ್ದೇ ತರ್ತೀವಿ, ಇಲ್ಲಾಂದ್ರೆ ಗಂಟು ರೋಗ ಬರುತ್ತೆ."

ಆ ಪರೀಕ್ಷೆ ಹೇಗೆ ನಡೆಯುತ್ತೆ ಗೊತ್ತಾ? ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗಾಣು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶ ಮಾಡುತ್ತಾರೆ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಕೃಷಿಯೇ ಈ ರೋಗದಿಂದ ಹಾಳಾಗುತ್ತಿದ್ದಾಗ ಲೂಯಿ ಪಾಶ್ಚರ್ ಕಂಡುಕೊಂಡ ದಾರಿ ಇದು. ಎಷ್ಟೋ ಸಲ ಆ ಚಿಟ್ಟೆ ನೋಡೋಕೆ ಚೆನ್ನಾಗಿಯೇ ಇರುತ್ತೆ. ಮೊಟ್ಟೆಯೂ ಅಷ್ಟೇ. ರೋಗ ಹೊರಗೆ ಕಾಣುವ ಹೊತ್ತಿಗೆ ಬೆಳೆ ಹೋಗಿರುತ್ತೆ. ಅದಕ್ಕೇ ಚೆನ್ನಾಗಿ ಕಾಣುವಾಗಲೇ ನೋಡೋದು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಸರಿ, ಮಗೂಗೆ ಯಾವಾಗ ಯಾವಾಗ ನೋಡಿಸಬೇಕು?"

[ಸ್ಕ್ರೀನ್ ಮೇಲೆ: ಯಾವಾಗ?]

ಮೊದಲಿನ ದಿನಗಳದ್ದು ಬೇಗ ಹೇಳಿ ಮುಗಿಸ್ತೀನಿ, ತುಂಬಾ ಜನಕ್ಕೆ ಗೊತ್ತಿರುತ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗು ನೋಡಬೇಕು. ಆಮೇಲೆ 3, 6, 9, 12, 15ನೇ ತಿಂಗಳು ಮತ್ತೆ ಬರುತ್ತಾರೆ. ಚುಚ್ಚುಮದ್ದು ಹುಟ್ಟಿದಾಗ, 6, 10, 14ನೇ ವಾರ, 9 ತಿಂಗಳು ತುಂಬಿದಾಗ, 16ರಿಂದ 24 ತಿಂಗಳ ಒಳಗೆ, ಮತ್ತೆ 5 ವರ್ಷ ದಾಟಿದಾಗ. ಇದರ ಜೊತೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. 2013ರಲ್ಲಿ ಶುರುವಾಯಿತು. ಇದರ ಡಾಕ್ಟರ್ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅಕ್ಕನ ಅಂಗನವಾಡಿ ಟೀಚರ್ ಕರೆದದ್ದು ಇದಕ್ಕೇ.

ಚುಚ್ಚುಮದ್ದಿನ ದಿನದ ಬಗ್ಗೆ ನನಗೊಂದು ಬೇಜಾರಿದೆ. ಅದನ್ನು ನಾವು ಬರೀ ಚುಚ್ಚಿಸಿಕೊಂಡು ಬರುವ ದಿನ ಮಾಡಿಬಿಟ್ಟಿದ್ದೇವೆ. ಸೂಜಿ ಹಾಕಿದರು, ಮಗು ಅತ್ತಿತು, ಎತ್ತಿಕೊಂಡು ಬಸ್ ಹತ್ತಿದೆವು. ತೂಕ, ಉದ್ದ, ತಲೆಯ ಸುತ್ತಳತೆ ನೋಡಬೇಕಾದ ದಿನವೂ ಅದೇ. ಒಂದು ಸಣ್ಣ ವಿಷಯ ನೆನಪಿಟ್ಟುಕೊಳ್ಳಿ. ಡಾಕ್ಟರ್ ಇದ್ದರೆ ಎದೆಬಡಿತ ಕೇಳಿ ಅಂತ ಸೂಜಿಗೆ ಮೊದಲೇ ಹೇಳಿ. ಅಳುವ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಅಳು ಬಿಟ್ಟು ಬೇರೇನೂ ಸರಿಯಾಗಿ ಕೇಳಿಸೋದಿಲ್ಲ.

[ದೃಶ್ಯ: ತಾಯಿ ಕಾರ್ಡ್, ಬೆಳವಣಿಗೆಯ ಪುಟ.]

ತಾಯಿ ಕಾರ್ಡಿನ ಈ ಪುಟ ನೋಡಿ. ಗಂಡು ಮಗುವಿನದು. ಹತ್ತನೇ ತಿಂಗಳು 7.8 ಕೆಜಿ. ಹನ್ನೊಂದಕ್ಕೆ 7.8. ಹನ್ನೆರಡಕ್ಕೂ 7.8. ಮೂರೂ ಚುಕ್ಕೆ ಹಸಿರು ಪಟ್ಟಿಯಲ್ಲೇ ಇವೆ. ಅಜ್ಜಿ "ಹಸಿರಿದೆ, ಏನೂ ತೊಂದರೆ ಇಲ್ಲ" ಅಂತಾರೆ. ಆದರೆ ಚುಕ್ಕೆ ಸೇರಿಸಿ ಗೆರೆ ಎಳೆದು ನೋಡಿ. ಗೆರೆ ಮಲಗಿದೆ. ಮೇಲೆ ಹೋಗಬೇಕಾದ ಗೆರೆ ಅದು. ಎರಡು ತಿಂಗಳಿಂದ ಮಗುವಿನ ತೂಕ ಏರಿಲ್ಲ, ಆದರೂ ಆಟ ಆಡುತ್ತಿದೆ, ನಗುತ್ತಿದೆ. ಕಣ್ಣಿಗೆ ಕಾಣದ್ದು ಗೆರೆಯಲ್ಲಿ ಕಾಣುತ್ತೆ. ಒಂದೇ ಒಂದು ಸಲ ತೂಕ ಹಾಕಿಸಿದರೆ ಗೆರೆ ಬರೋದಿಲ್ಲ, ಒಂದು ಚುಕ್ಕೆ ಬರುತ್ತೆ ಅಷ್ಟೇ. ತಿಂಗಳು ತಿಂಗಳು ಅಂಗನವಾಡಿಯಲ್ಲಿ ತೂಕ ಹಾಕುವುದು ಇದಕ್ಕೆ.

ಇನ್ನು ಈ ವಿಡಿಯೋ ಮಾಡೋಕೆ ನಿಜವಾದ ಕಾರಣ. ಕಣ್ಣು.

ನನ್ನ ಸ್ವಂತ ಅಕ್ಕನ ಮಗಳಿಗೆ ಆಗ ನಾಲ್ಕು ವರ್ಷ. ಚಿಂತಾಮಣಿ ಹತ್ತಿರ ಅವರ ಊರು. ಅಂಗನವಾಡಿಗೆ ತಂಡ ಬಂದ ದಿನ ನಾನೂ ಅಲ್ಲೇ ಇದ್ದೆ. ಡಾಕ್ಟರ್ ಮೇಡಂ ದೂರದಲ್ಲಿ ನಿಂತು ಮನೆ, ಸೇಬು, ಚೌಕದ ಚಿತ್ರ ತೋರಿಸುತ್ತಿದ್ದರು. ಎಡಗಣ್ಣು ಮುಚ್ಚಿದರು. ಹುಡುಗಿ ಪಟಪಟ ಹೇಳಿದಳು, "ಮನೆ, ಸೇಬು, ಮನೆ." ಬಲಗಣ್ಣು ಮುಚ್ಚಿದರು. ಹುಡುಗಿ ತಲೆ ವಾಲಿಸಿದಳು. ಟೀಚರ್ ಕೈಯ ಬೆರಳ ಸಂದಿಯಿಂದ ಇಣುಕಿದಳು. ಆಮೇಲೆ ಆ ಕೈಯನ್ನೇ ಹಿಡಿದು ಎಳೆದಳು. "ತುಂಟಿ, ಸರಿಯಾಗಿ ನಿಂತ್ಕೋ" ಅಂತ ನಮ್ಮಕ್ಕ ಗದರಿದಳು. ಮೇಡಂ ತಡೆದು, "ಬೈಬೇಡಿ, ಅವಳಿಗೆ ಆ ಕಣ್ಣಲ್ಲಿ ಕಾಣ್ತಿಲ್ಲ" ಅಂದರು.

ನಾಲ್ಕು ವರ್ಷ ಜೊತೆಗಿದ್ದ ತಾಯಿಗೆ ಗೊತ್ತಾಗಿರಲಿಲ್ಲ. ಮೆಳ್ಳೆಗಣ್ಣಿಲ್ಲ, ಕೆಂಪಿಲ್ಲ, ನೀರು ಸೋರೋದಿಲ್ಲ. ಮಗು ಯಾಕೆ ಹೇಳಲಿಲ್ಲ? ಅವಳಿಗೆ ಪ್ರಪಂಚ ಮೊದಲಿಂದಲೂ ಹಾಗೇ ಕಂಡಿದೆ. ಎಲ್ಲರಿಗೂ ಹೀಗೇ ಕಾಣುತ್ತೆ ಅಂತ ತಿಳಿದುಕೊಂಡಿದ್ದಾಳೆ. ಒಳ್ಳೆ ಕಣ್ಣೊಂದೇ ಎಲ್ಲ ಕೆಲಸ ಮಾಡುತ್ತಿತ್ತು. ಎಡಗಣ್ಣಿಗೆ ಪವರ್ ಜಾಸ್ತಿ ಬೇಕಿತ್ತು, ಬಲಗಣ್ಣಿಗೆ ಬೇಕಿರಲಿಲ್ಲ. ಇದರಿಂದ ಬರುವ ತೊಂದರೆಗೆ ಸೋಮಾರಿ ಕಣ್ಣು ಅಂತಾರೆ. ಆ ಹೆಸರು ನನಗೆ ಇಷ್ಟವಿಲ್ಲ. ಕಣ್ಣಿನದೇನೂ ಸೋಮಾರಿತನ ಇಲ್ಲ. ಅದು ಕಳಿಸುವುದನ್ನು ತೆಗೆದುಕೊಳ್ಳೋದನ್ನು ಮೆದುಳು ಬಿಟ್ಟಿರುತ್ತೆ.

[ದೃಶ್ಯ: ಡ್ರೋನ್. ಕೋಲಾರದ ಒಂದು ಕೆರೆ, ಅದಕ್ಕೆ ಬಂದು ಸೇರುವ ಎರಡು ಕಾಲುವೆ.]

ಇದನ್ನು ಅರ್ಥ ಮಾಡಿಕೊಳ್ಳೋಕೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಜನಕ್ಕೆ ಬೇರೆ ಪುಸ್ತಕ ಬೇಕಿಲ್ಲ. ಕೆರೆ ಸಾಕು. ಈ ಕೆರೆಗೆ ಎರಡು ರಾಜಕಾಲುವೆ ಇವೆ. ಒಂದರಲ್ಲಿ ನೀರು ಚೆನ್ನಾಗಿ ಹರಿಯುತ್ತೆ. ಇನ್ನೊಂದರಲ್ಲಿ ಎಲ್ಲೋ ಮೇಲೆ ಕಸ ಅಡ್ಡ ಬಿದ್ದು ನೀರು ಬರುತ್ತಿಲ್ಲ. ಒಣಗಿದ ಕಾಲುವೆಗೆ ಏನಾಗುತ್ತೆ, ನಿಮಗೇ ಗೊತ್ತು. ಮೊದಲ ವರ್ಷ ಪಕ್ಕದ ಹೊಲದವರು ಒಂದು ಸಾಲು ಉಳುತ್ತಾರೆ. ಮುಂದಿನ ವರ್ಷ ಟೊಮೆಟೊ ನೆಡುತ್ತಾರೆ. ಆಮೇಲೆ ಒಂದು ಶೆಡ್ಡು ಏಳುತ್ತೆ. ಹತ್ತು ವರ್ಷ ಕಳೆದು ಮೇಲಿನ ಕಸ ತೆಗೆದು, ಒಳ್ಳೆ ಮಳೆಯೂ ಬಂದರೆ? ನೀರು ಬರುತ್ತೆ, ಕೆರೆ ಸೇರೋದಿಲ್ಲ. ದಾರಿಯೇ ಇಲ್ಲವಲ್ಲ.

ಮೆದುಳಿನಲ್ಲಿ ನಡೆಯುವುದು ಸುಮಾರು ಹೀಗೇ. ಡೇವಿಡ್ ಹ್ಯೂಬಲ್, ಟಾರ್ಸ್ಟನ್ ವೀಸಲ್ ಅಂತ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು ಕೆಲವು ತಿಂಗಳು ಬಿಟ್ಟರು. ಕೇಳೋಕೆ ಸಂಕಟವಾಗುತ್ತೆ, ನನಗೂ ಆಯಿತು. ಹೊಲಿಗೆ ಬಿಚ್ಚಿದಾಗ ಕಣ್ಣು ಚೆನ್ನಾಗಿಯೇ ಇತ್ತು. ಆದರೆ ಮೆದುಳಿನ ಜೀವಕೋಶಗಳು ಆ ಕಣ್ಣಿಗೆ ಓಗೊಡಲೇ ಇಲ್ಲ. ಅದರ ಜಾಗವನ್ನು ಇನ್ನೊಂದು ಕಣ್ಣು ಒತ್ತುವರಿ ಮಾಡಿಕೊಂಡಿತ್ತು. ದೊಡ್ಡ ಬೆಕ್ಕಿಗೂ ಹೀಗೇ ಮಾಡಿ ನೋಡಿದರು. ಅದಕ್ಕೆ ಏನೂ ಆಗಲಿಲ್ಲ! ಕಣ್ಣು ಬಿಚ್ಚಿದ ಮೇಲೆ ಮೆದುಳು ಮೊದಲಿನಂತೆ ಓಗೊಟ್ಟಿತು. ಅಂದರೆ ಕಣ್ಣು ಮುಚ್ಚಿದ್ದು ಎಷ್ಟು ದಿನ ಅನ್ನೋದಕ್ಕಿಂತ ಯಾವ ವಯಸ್ಸಿನಲ್ಲಿ ಅನ್ನೋದು ಮುಖ್ಯ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಮಕ್ಕಳಲ್ಲಿ ಈ ಬಾಗಿಲು ಸುಮಾರು ಏಳೆಂಟು ವರ್ಷದ ತನಕ ಚೆನ್ನಾಗಿ ತೆರೆದಿರುತ್ತೆ. ಆಮೇಲೂ ಚಿಕಿತ್ಸೆ ಇದೆ, ಆದರೆ ಫಲ ಕಡಿಮೆಯಾಗುತ್ತಾ ಹೋಗುತ್ತೆ. ಹತ್ತನೇ ಕ್ಲಾಸಿನಲ್ಲಿ ಗೊತ್ತಾದರೆ ಕನ್ನಡಕ ಹಾಕಬಹುದು. ಕಾಲುವೆಯಲ್ಲಿ ಶೆಡ್ಡು ಎದ್ದಿರುತ್ತೆ.

ನಮ್ಮ ಹುಡುಗಿಗೆ ಮೊದಲು ಕನ್ನಡಕ ಕೊಟ್ಟರು. ಆಮೇಲೆ ಒಳ್ಳೆ ಕಣ್ಣಿಗೆ ದಿನಾ ಕೆಲವು ಗಂಟೆ ಪಟ್ಟಿ. ಹರಿಯುತ್ತಿದ್ದ ಕಾಲುವೆಯ ತೂಬನ್ನು ಸ್ವಲ್ಪ ಹೊತ್ತು ಮುಚ್ಚಿ, ಬಡ ಕಾಲುವೆಗೆ ನೀರು ಬಿಡೋದು ಅಂದುಕೊಳ್ಳಿ. ಮೊದಲ ವಾರ ಕಷ್ಟವಾಯಿತು. ಪಟ್ಟಿ ಕಿತ್ತು ಎಸೆಯುತ್ತಿದ್ದಳು. ನಮ್ಮಕ್ಕ ದಿನಾ ಆ ಹೊತ್ತಿಗೆ ಅಕ್ಕಿ ಮೊರ ಮುಂದಿಟ್ಟು ಕೂರಿಸುತ್ತಿದ್ದಳು. ಕಲ್ಲು ಆರಿಸೋದು ಅವಳಿಗೆ ಆಟವಾಯಿತು. ಕಣ್ಣಿಗೆ ಅದೇ ವ್ಯಾಯಾಮವೂ ಆಯಿತು.

ಮನೆಯಲ್ಲಿ ನೀವೂ ನೋಡಬಹುದು. ಮಗು ಟಿವಿ ನೋಡುವಾಗ ಒಂದೊಂದೇ ಕಣ್ಣು ಮುಚ್ಚಿ. ಒಂದು ಕಡೆ ಮುಚ್ಚಿದರೆ ಸುಮ್ಮನಿದ್ದು, ಇನ್ನೊಂದು ಕಡೆ ಮುಚ್ಚಿದಾಗ ಕೈ ತಳ್ಳಿದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಸುಮ್ಮನಿದ್ದರೂ ಮಗುವಿಗೆ ಮೂರು ನಾಲ್ಕು ವರ್ಷ ಆದಾಗ ಒಂದು ಸಲ, ಶಾಲೆಗೆ ಸೇರಿಸುವ ಮೊದಲು ಒಂದು ಸಲ ತೋರಿಸಲೇಬೇಕು. ಇನ್ನೊಂದು ವಿಷಯ ಇದೆ, ಇದಕ್ಕೆ ಒಂದು ದಿನವೂ ಕಾಯಬೇಡಿ. ಫ್ಲಾಷ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಪಾಪೆ ಬೆಳ್ಳಗೆ ಹೊಳೆದರೆ ಮಾರನೇ ದಿನವೇ ಹೋಗಿ. ಅದು ಹುಟ್ಟಿನಿಂದ ಬಂದ ಪೊರೆಯೋ, ಕಣ್ಣಿನ ಗಡ್ಡೆಯೋ ಇರಬಹುದು.

[ಸ್ಕ್ರೀನ್ ಮೇಲೆ: ಕಿವಿ, ಹಲ್ಲು, ರಕ್ತ]

ಕಣ್ಣಿಗೇ ಜಾಸ್ತಿ ಹೊತ್ತಾಯಿತು, ಉಳಿದದ್ದು ಒಟ್ಟಿಗೆ ಹೇಳ್ತೀನಿ. ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ಎಲ್ಲರಂತೆ ಊ ಆ ಅನ್ನುತ್ತೆ, ಅದಕ್ಕೇ ಮನೆಯವರಿಗೆ ಅನುಮಾನ ಬರೋದಿಲ್ಲ. ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ತೊಂದರೆ ಕಂಡರೆ ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಹೀಗಾದರೆ ಮಾತು ಬರುವ ದಾರಿ ಉಳಿಯುತ್ತೆ. ಥೈರಾಯ್ಡ್ ಕೊರತೆಯೂ ಹಾಗೇ. ತಾಯಿಯಿಂದ ಬಂದ ಹಾರ್ಮೋನ್ ಇರುವುದರಿಂದ ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣುತ್ತೆ. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿ, ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಮೆದುಳು ಉಳಿಯುತ್ತೆ. ಹೆರಿಗೆಯಾದ ಆಸ್ಪತ್ರೆ ಬಿಡುವ ಮೊದಲು ಈ ಎರಡು ಪರೀಕ್ಷೆ ಆಗಿದೆಯಾ ಕೇಳಿ.

ಹಲ್ಲು ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗೆ ತುಂಬಾ ಮುಖ್ಯ. ಬಾಗೇಪಲ್ಲಿ, ಪಾವಗಡ ಕಡೆ ಕಂದು ಗೆರೆ ಬಿದ್ದ ಹಲ್ಲು ಎಷ್ಟು ನೋಡಿದ್ದೇವೆ, ಅಲ್ವಾ? ಆಳದ ಬೋರ್‌ವೆಲ್ ನೀರಿನ ಫ್ಲೋರೈಡ್ ಅದು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲು ವಸಡಿನೊಳಗೆ ತಯಾರಾಗುವಾಗಲೇ, ಅಂದರೆ ಸುಮಾರು ಎಂಟು ವರ್ಷದ ಒಳಗೇ, ಈ ಹಾನಿ ಆಗುವುದು. ಹೊರಗೆ ಬಂದ ಮೇಲೆ ಉಜ್ಜಿದರೆ ಹೋಗೋದಿಲ್ಲ. ಮಗುವಿಗೆ ಕುಡಿಸುವ ನೀರು ಶುದ್ಧ ನೀರಿನ ಘಟಕದ್ದಿರಲಿ. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿ.

ರಕ್ತದ ವಿಷಯ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ 67 ಶೇಕಡ ಮಕ್ಕಳಿಗೆ ರಕ್ತಹೀನತೆ ಇತ್ತು. ಮೂರರಲ್ಲಿ ಎರಡು ಮಕ್ಕಳು! ಅವರಲ್ಲಿ ಬಹಳ ಜನ ಅಂಗಳದಲ್ಲಿ ಆಡುತ್ತಲೇ ಇರುತ್ತಾರೆ. ಫೆಬ್ರವರಿ, ಆಗಸ್ಟ್‌ನಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ. ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ಹನಿಯೂ ಇದೆ. ಶಾಲೆಗೆ ಹೋಗುವ ಮಕ್ಕಳನ್ನು ವರ್ಷಕ್ಕೊಮ್ಮೆ ತೋರಿಸಿ. 10 ಮತ್ತು 16ನೇ ವರ್ಷಕ್ಕೆ ಟಿಡಿ, ಅಂದರೆ ಧನುರ್ವಾಯು, ಗಂಟಲಮಾರಿ ತಡೆಯುವ ಚುಚ್ಚುಮದ್ದು ಇದೆ, ದೊಡ್ಡವರಾದರು ಅಂತ ಮರೆಯಬೇಡಿ.

[ದೃಶ್ಯ: ಮತ್ತೆ ಹುಳದ ಮನೆ.]

ಶಿಡ್ಲಘಟ್ಟದ ಅಕ್ಕನಿಗೆ ಒಂದು ಹೊತ್ತಿನ ಚಿಂತೆ ಇತ್ತಲ್ಲ, ಅದಕ್ಕೂ ಅವರೇ ದಾರಿ ಕಂಡುಕೊಂಡರು. ಹುಳ ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವ ಹಾಗಿಲ್ಲ. ಕೈ ಖಾಲಿ. ಈ ಬೆಳೆಯಲ್ಲಿ ಮೂರನೇ ಜ್ವರಕ್ಕೆ ಹುಳ ಕೂತ ದಿನವೇ ಅಂಗನವಾಡಿಗೆ ತಂಡ ಬಂತು. ಮಗನನ್ನು ಎತ್ತಿಕೊಂಡು ಹೋದರು. ತೂಕ 10.9 ಕೆಜಿ. ತಾಯಿ ಕಾರ್ಡಿನಲ್ಲಿ ಹಿಂದಿನ ಚುಕ್ಕೆ ಆರು ತಿಂಗಳ ಹಳೆಯದು. ನಡುವೆ ಐದು ತಿಂಗಳ ಮನೆ ಖಾಲಿ.

ನಿಮ್ಮ ಮಗುವಿನ ಕಾರ್ಡ್ ಬೀರುವಿನಲ್ಲೋ, ಅಕ್ಕಿ ಡಬ್ಬದ ಮೇಲೋ ಇರುತ್ತೆ. ಈಗಲೇ ತೆಗೆದು ಕೊನೆಯ ಚುಕ್ಕೆ ಯಾವ ತಿಂಗಳದ್ದು ನೋಡಿ, ಕೆಳಗೆ ಬರೆಯಿರಿ.